ಹಿಂದಿನ ಗಾಲಿಯ ಸಾಕ್ಷಿ

ಒಂದು ಸದ್ದು ಐವತ್ತು ವರ್ಷಗಳಿಂದ ನನ್ನ ಕಿವಿಯಲ್ಲಿ ಮನೆಮಾಡಿಕೊಂಡಿದೆ. ಎರೆಮಣ್ಣಿನ ಕೆಸರಿನಲ್ಲಿ ಹೂತುಕೊಂಡ ಕಾರಿನ ಗಾಲಿ, ಮುಂದಕ್ಕೆ ಹೋಗಲಾರದೆ, ಹಿಂದಕ್ಕೆ ಬರಲೂ ಆರದೆ, ನಿಂತಲ್ಲಿಯೇ ಗಿರ್ರನೆ ತಿರುಗುವ ಸದ್ದು. ಮೊದಲು ಸಣ್ಣಗೆ ಗೊಣಗುತ್ತದೆ, ಆಮೇಲೆ ನರಳುತ್ತದೆ, ಕಾಲಿನ ಒತ್ತಡ ಹೆಚ್ಚಿದಂತೆಲ್ಲ ಚೀರತೊಡಗುತ್ತದೆ. ಜೊತೆಗೆ ಮಣ್ಣಿನ ಹೆಂಟೆಗಳು ಮಡ್‌ಗಾರ್ಡಿಗೆ ಪಟಪಟನೆ ಬಡಿಯುವ ತಾಳ ಬೇರೆ. ಎಪ್ಪತ್ತನಾಲ್ಕು ತುಂಬಿದ ನನಗೆ ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಹತ್ತು ಗಂಟೆಗೆಲ್ಲ ಮರೆತಿರುತ್ತದೆ. ಆದರೆ ಈ ಸದ್ದು ಮಾತ್ರ, ಕರೆದರೂ ಕರೆಯದಿದ್ದರೂ, ತನ್ನ ಮನೆಗೆ ತಾನು ಬರುವವರ ಧಾಟಿಯಲ್ಲಿ ಬಂದು ಕೂತುಬಿಡುತ್ತದೆ.

ಆಗ ನನ್ನ ಮದುವೆಯಾಗಿ ಒಂದು ವರ್ಷ. ಶ್ರಾವಣದ ಪಂಚಮಿ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡಿ, ಉಂಡಿ ತಿಂದು, ಎರಡು ದಿನ ಮತ್ತೆ ಮಗುವಾಗಿ ಬರುವ ಹಬ್ಬ. ನೀಲಕ್ಕನನ್ನು ಸೇಡಂ ಹತ್ತಿರದ ಅವಳ ತವರಿಗೆ ಬಿಡಬೇಕಾಗಿತ್ತು. ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಮಾತಿನಲ್ಲಿ ಕೊನೆಯವರೆಗೂ ನಾನು ಅವಳಿಗೆ ‘ರೀ’ ಹಚ್ಚಿಯೇ ಕರೆದೆ. ಮನಸ್ಸಿನೊಳಗೆ ಮಾತ್ರ ಅವಳು ಯಾವಾಗಲೂ ‘ಅವಳು’. ಮನೆಯ ಗಂಡಸರಿಬ್ಬರಿಗೂ ಆಫೀಸಿಗೆ ರಜೆಯಿರಲಿಲ್ಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಡ್ರೈವಿಂಗ್ ಕಲಿತವಳು ಎಂಬ ಹೆಮ್ಮೆಯಿಂದ ‘ಐ ವಿಲ್ ಟೇಕ್ ಹರ್’ ಎಂದು ನಾನೇ ಮುಂದಾದೆ. ಮಾವನವರ ಆ ಭಾರಿ ಹಳೆಯ ಕಾರಿನಲ್ಲಿ ನಾನು, ನೀಲಕ್ಕ, ಅವಳ ತೊಡೆಯ ಮೇಲೆ ಎರಡು ವರ್ಷದ ಸವಿತಾ. ಡಾಂಬರು ಮುಗಿದು ಹೊಲದ ದಾರಿ ಸುರುವಾದ ಮೇಲೆ ಅರ್ಧ ಮೈಲಿಯೂ ಹೋಗಿರಲಿಲ್ಲ, ಕಪ್ಪು ಮಣ್ಣು ಕಾರನ್ನು ಹಿಡಿದುಕೊಂಡಿತು. ನಾನು ಒತ್ತಿದೆ. ಗಾಲಿ ತಿರುಗಿತು, ಕಾರು ಕದಲಲಿಲ್ಲ. ಇನ್ನೂ ಒತ್ತಿದೆ. ನಾಲ್ಕು ಜನ ರೈತರು ಬದುವಿನ ಮೇಲೆ ನಿಂತು, ಕಾರು ನಡೆಸುವ ಹೆಣ್ಣನ್ನು ನೋಡುವ ಸುಖದಲ್ಲಿ, ನೂಕಬೇಕೆಂಬುದನ್ನೇ ಮರೆತಿದ್ದರು. ಆ ನೋಟಕ್ಕೆ ನನ್ನ ಕಾಲು ಇನ್ನಷ್ಟು ಬಿಗಿಯಿತು.

ನೀಲಕ್ಕ ಮಗುವನ್ನು ಸೀಟಿನ ಮೇಲೆ ಕೂರಿಸಿ, ಚಪ್ಪಲಿ ಕಳಚಿ, ನಿರಿಗೆ ಸಿಕ್ಕಿಸಿಕೊಂಡು ಇಳಿದಳು. ನನ್ನ ಎದುರಿಗೆ ಬಂದು, ಅಂಗೈಯನ್ನು ನೆಲದ ಕಡೆಗೆ ಮಾಡಿ, ಅಳುವ ಕೂಸಿನ ಬೆನ್ನು ತಟ್ಟುವ ಹಾಗೆ ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ತಟ್ಟಿದಳು.

“ಒತ್ತಬ್ಯಾಡ ಶೈಲಾ. ಕಾಲು ತಗಿ. ನೀ ಎಷ್ಟ ಒತ್ತತಿ ಅಷ್ಟ ಒಳಗ ಹೊಂಟೈತಿ ನೋಡು. ಮೊದಲ ಗಾಲಿಗೆ ನೆಲಾ ಸಿಗಲಿ.”

ಬದುವಿನ ಮೇಲೆ ಒಟ್ಟಿದ್ದ ಹೋದ ವರ್ಷದ ತೊಗರಿ ಕಟ್ಟಿಗೆಯ ಒಂದು ಹೊರೆ ತಂದು ಹಿಂದಿನ ಗಾಲಿಗಳ ಬಾಯಿಗೆ ತುರುಕಿದಳು. ಮೊಳಕೈಯವರೆಗೆ ಕೆಸರು. ರೈತರ ಕಡೆ ತಿರುಗಿ, “ಏನ್ ನೋಡ್ತೀರೋ ಅಣ್ಣಗೋಳ್ರ್ಯಾ, ಜಾತ್ರಿ ಅಲ್ಲಿದು, ಹೆಗಲು ಕೊಡ್ರಿ,” ಎಂದಳು. ಆಮೇಲೆ ನನಗೆ ಮತ್ತೆ ಅದೇ ಅಂಗೈ, ಅದೇ ಸನ್ನೆ: ಸಾವಕಾಶ. ಉಸಿರು ಬಿಟ್ಟಷ್ಟೇ ಒತ್ತಿದೆ. ಗಾಲಿಯ ಚೀರಾಟ ನಿಂತು, ಕಟ್ಟಿಗೆ ಪುಡಿಯಾಗುವ ಲಟಲಟ ಕೇಳಿ, ಕಾರು ಬಸುರಿಯ ಹಾಗೆ ತೂಗಾಡುತ್ತ ಮೇಲೆದ್ದಿತು.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು ಅವತ್ತು ಮಾಡಿದ ಕೆಲಸಕ್ಕೆ ಈಗಿನ ಕಾರುಗಳಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದಾರೆ. ಅದರ ಹೆಸರು ಟ್ರ್ಯಾಕ್ಷನ್ ಕಂಟ್ರೋಲ್. ಇದು ನನಗೆ ಗೊತ್ತಾಗಲು ಐವತ್ತು ವರ್ಷ ಬೇಕಾಯಿತು, ಮತ್ತು ಗೊತ್ತಾದ ರೀತಿ ನನಗೆ ಗೌರವ ತರುವಂಥದ್ದಲ್ಲ. ಆದರೂ ಹೇಳುತ್ತೇನೆ. ಈ ವಯಸ್ಸಿನಲ್ಲಿ ಮಾನ ಕಾಪಾಡಿಕೊಳ್ಳುವುದೂ ಒಂದು ಆಯಾಸದ ಕೆಲಸವೇ.

ಹೈದರಾಬಾದಿನ ತಾರ್ನಾಕದ ನಮ್ಮ ಮನೆಯಲ್ಲಿ ಕಡೆಯ ಹನ್ನೆರಡು ವರ್ಷ ನಾವಿಬ್ಬರೇ ಇದ್ದೆವು. ಗಂಡಸರಿಬ್ಬರೂ, ಅಣ್ಣತಮ್ಮಂದಿರಿಗೆ ತಕ್ಕಂತೆ, ಹೆಚ್ಚು ಅಂತರವಿಲ್ಲದೆ ಹೊರಟುಹೋಗಿದ್ದರು. ನನಗೆ ಮಕ್ಕಳಿಲ್ಲ, ಸವಿತಾ ನಮ್ಮಿಬ್ಬರಿಗೂ ಸಾಲುವಷ್ಟು ಮಗಳು, ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಗಂಡ-ಮಕ್ಕಳೊಂದಿಗೆ ಇದ್ದಾಳೆ. ಹುಡುಗಿಯರ ಶಾಲೆಯಲ್ಲಿ ಮೂವತ್ತು ವರ್ಷ ಜಾಗ್ರಫಿ ಕಲಿಸಿ ನಿವೃತ್ತಳಾದ ನಾನು ಹೊರಗಿನ ಇಲಾಖೆ: ಬ್ಯಾಂಕು, ಡಾಕ್ಟರು, ಕರೆಂಟಿನ ಆಫೀಸು, ಮತ್ತು ಕಾರು. ನೀಲಕ್ಕ ಒಳಗಿನ ಇಲಾಖೆ: ರೊಟ್ಟಿ, ದೇವರು, ಬಂದುಹೋಗುವವರು. ದಿನಕ್ಕೆ ಎರಡು ಸಲ ಜಗಳ ಖಾತ್ರಿ. ನನ್ನ ಟೀ ಸಪ್ಪೆ ಅವಳಿಗೆ, ಅವಳ ಟೀವಿಯ ವಾಲ್ಯೂಮು ಅತಿ ನನಗೆ. “ಏನವಾ ಮೇಡಮ್ಮ, ಇವತ್ತ ಯಾವ ದೇಶದ ಮ್ಯಾಪ್ ಬಿದ್ದೈತಿ ಮುಖದ ಮ್ಯಾಲ?” ಎಂದು ನನ್ನ ಸಿಟ್ಟನ್ನು ವಿಚಾರಿಸುವುದು ಅವಳ ಪದ್ಧತಿ.

ಮೊಣಕಾಲು ಕ್ಲಚ್ ಒತ್ತಲು ಒಲ್ಲೆನೆಂದ ಮೇಲೆ ಕ್ಲಚ್ಚೇ ಇಲ್ಲದ, ಗೇರು ತಾನೇ ಬದಲಿಸಿಕೊಳ್ಳುವ ಒಂದು ಸಣ್ಣ ಕಾರು ತಗೊಂಡೆವು. ಅದಕ್ಕೆ ಪ್ರತಿ ಆಯುಧಪೂಜೆಗೆ ನೀಲಕ್ಕನ ಕೈಯಿಂದ ಪೂರ್ಣ ಅಲಂಕಾರ. ನಾಲ್ಕು ಗಾಲಿಗಳಿಗೆ ನಾಲ್ಕು ನಿಂಬೆಹಣ್ಣು, ಮುಂದೊಂದು ಬೂದುಗುಂಬಳ, ಬಾನೆಟ್ಟಿಗೆ ವಿಭೂತಿಯ ಮೂರು ಬೆರಳಿನ ಪಟ್ಟಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ನಮ್ಮ ನೀಲಕ್ಕ ಒಂದೊಂದು ಗಾಲಿಗೂ, ಎತ್ತಿನ ಕೊರಳಿಗೆ ಕಟ್ಟುವ ಹಾಗೆ, ಚೆಂಡುಹೂವಿನ ಮಾಲೆ ಕಟ್ಟಬೇಕು. ಗಾಲಿಯ ಕಡ್ಡಿಗಳ ಸಂದಿಯಲ್ಲಿ ದಾರ ತೂರಿಸಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ನಾಲ್ಕೂ ಗಾಲಿಗೆ.

“ಅಕ್ಕಾ, ಇದು ಕಾರು ಐತ್ರಿ, ಮದಿಮಗಳಲ್ಲ,” ಎಂದು ನಾನು ಪ್ರತಿ ವರ್ಷ ಅನ್ನುತ್ತಿದ್ದೆ.

“ಮದಿಮಗಳಿಗಿಂತ ಹೆಚ್ಚವಾ. ಮದಿಮಗಳು ಒಮ್ಮೆ ಮನಿ ಬಿಟ್ಟು ಹೋಗ್ತಾಳ. ಇದು ದಿನಾ ಹೋಗಬೇಕು, ದಿನಾ ತಿರುಗಿ ಬರಬೇಕು,” ಎಂದು ಅವಳು ಪ್ರತಿ ವರ್ಷ ಉತ್ತರ ಕೊಡುತ್ತಿದ್ದಳು.

ಹೋದ ವರ್ಷದ ದಸರೆಯ ಮೂರನೆಯ ದಿನ ಬಾಡಿದ ಮಾಲೆಗಳನ್ನು ಕತ್ತರಿಯಿಂದ ತೆಗೆದವಳು ನಾನು. ಮೂರು ಗಾಲಿ ಸರಿಯಾಗಿ ಆಯಿತು. ಬಲಗಡೆಯ ಮುಂದಿನ ಗಾಲಿಯ ಹತ್ತಿರ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಕತ್ತರಿ ಬಿಟ್ಟು ಜಗ್ಗಿದೆ. ದಾರ ಪಟ್ಟನೆ ಹರಿದು ಅರ್ಧ ನನ್ನ ಕೈಗೆ ಬಂತು, ಇನ್ನರ್ಧ ಒಳಗೆಲ್ಲೋ ಉಳಿಯಿತು. ಹೋಗಲಿ ಬಿಡು ಎಂದು ಎದ್ದುಬಿಟ್ಟೆ.

ಸಂಕ್ರಾಂತಿ ಮುಗಿದ ವಾರ. ಅರಿಶಿನ-ಕುಂಕುಮಕ್ಕೆ ನೀಲಕ್ಕ ಓಣಿಯ ಏಳೆಂಟು ಹೆಂಗಸರನ್ನು ಕರೆದಿದ್ದಳು. ಎಲೆ ಅಡಿಕೆ ಬಾಳೆಹಣ್ಣು ತರಲು ನಾನು ಕಾರಿನಲ್ಲಿ ಹೋಗಿದ್ದೆ. ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಎರಡು ಹಳದಿ ದೀಪಗಳು ಹತ್ತಿಕೊಂಡವು. ಒಂದು ಬ್ರೇಕಿನದು. ಇನ್ನೊಂದರಲ್ಲಿ ಒಂದು ಪುಟ್ಟ ಕಾರು, ಅದರ ಹಿಂದೆ ಹಾವು ಹರಿದಂತೆ ಎರಡು ಗೆರೆ. ಮನೆಗೆ ಬಂದು ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು ಓದಿದೆ. ಗಾಲಿಯ ವೇಗ ಅಳೆಯುವ ಸೆನ್ಸರ್‌ನಲ್ಲಿ ದೋಷವಿರಬಹುದು ಎಂದಿತ್ತು. ಗಾಲಿ! ನನಗೆ ಕೂಡಲೇ ಆ ಅರ್ಧ ದಾರ ನೆನಪಾಯಿತು. ದಾರ ನೆನಪಾದದ್ದೇ ತಡ, ಅದನ್ನು ಜಗ್ಗಿ ಹರಿದ ಕೈ ಯಾರದೆಂಬುದು ಮರೆತುಹೋಯಿತು. ಅಷ್ಟೊತ್ತಿಗೆ ಹೆಂಗಸರೆಲ್ಲ ಹಾಲ್‌ನಲ್ಲಿ ಕೂತಿದ್ದರು. ಕಾಲುನೋವು, ಟ್ರಾಫಿಕ್ಕು, ಬಿಸಿಲು, ಎಲ್ಲ ಸೇರಿ ನನ್ನ ಬಾಯಿಂದ ಹೊರಬಿದ್ದ ಮಾತು ಇದು:

“ಅಕ್ಕಾ, ನಿಮ್ಮ ಹಳ್ಳಿ ಪದ್ಧತಿ ಹಳ್ಳ್ಯಾಗ ಇಟಗೋರಿ. ನಿಮ್ಮ ಹೂವಿನ ದಾರ ಗಾಲ್ಯಾಗ ಸಿಕ್ಕು ಮಷೀನೇ ಕೆಟ್ಟೈತಿ. ಓದಿದವರಿಗೆ ತಿಳಿಸಿ ಹೇಳಬಹುದು, ನಿಮಗೇನಂತ ಹೇಳೋದು?”

ನೀಲಕ್ಕನ ಕೈಯಲ್ಲಿ ಕುಸುರೆಳ್ಳಿನ ಬೆಳ್ಳಿ ಬಟ್ಟಲಿತ್ತು. ಅವಳು ಸಾಲಾಗಿ ಎಲ್ಲರಿಗೂ ಕೊಡುತ್ತ ಬಂದು, ನನ್ನ ಅಂಗೈಯಲ್ಲೂ ಎಣಿಸಿ ಇಟ್ಟಂತೆ ನಾಲ್ಕು ಕಾಳು ಇಟ್ಟಳು.

“ತಗೋ ಶೈಲಾ. ಎಳ್ಳು ಬೆಲ್ಲಾ ತಗೊಂಡು ಒಳ್ಳೇ ಮಾತಾಡು.”

ಸಂಕ್ರಾಂತಿಗೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಹೆಂಗಸರು ನಕ್ಕರು, ನಾನೂ ನಕ್ಕೆ. ಅವಳೊಬ್ಬಳು ನಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ, ಮೊಮ್ಮಗಳ ಪರೀಕ್ಷೆ ಇದೆ, ಸವಿತಾಗೆ ಕೈಯಾಸರೆ ಬೇಕಂತೆ ಎಂದು ಹೇಳಿ, ಎರಡು ಚೀಲ ತುಂಬಿಕೊಂಡು ಮಿಯಾಪುರಕ್ಕೆ ಹೋದಳು. ನಾನೇ ಬಿಡುತ್ತೇನೆಂದೆ. “ಬ್ಯಾಡವಾ. ಗಾಡಿ ಕೆಟ್ಟೈತಿ ಅಂದೆಲ್ಲ,” ಎಂದಳು. ಅಳಿಯ ಬಂದು ಕರೆದುಕೊಂಡು ಹೋದ.

ಪರೀಕ್ಷೆಗಳು ಮುಗಿದವು. ಅವಳು ಬರಲಿಲ್ಲ. ನಾನು ಕರೆಯಲಿಲ್ಲ. ತಾರ್ನಾಕದಲ್ಲಿ ಮೆಟ್ರೋ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿದರೆ ಮಿಯಾಪುರ ಒಂದು ಗಂಟೆಯ ದಾರಿ. ಐದು ತಿಂಗಳಲ್ಲಿ ಆ ಒಂದು ಗಂಟೆ ನನಗೆ ಸಿಗಲಿಲ್ಲ ಎಂದರೆ ನೀವು ನಂಬಬೇಡಿ. ಫೋನಿನಲ್ಲಿ ಮಾತಾಡುತ್ತಿದ್ದೆವು. ಬಿಪಿ ಎಷ್ಟು, ಮಳೆ ಬಂತಾ, ಮಾವಿನಕಾಯಿ ಉಪ್ಪಿನಕಾಯಿ ಹಾಕಿದಿರಾ? ಅಷ್ಟು ಸಭ್ಯವಾಗಿ ನಾವು ಐವತ್ತು ವರ್ಷದಲ್ಲಿ ಎಂದೂ ಮಾತಾಡಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ‘ಸಾರಿ’ ಎನ್ನುವುದನ್ನು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ಸಾರಿ ಎಂದುಬಿಡುತ್ತೇನೆ. ಆದರೆ ಮನೆಯೊಳಗಿನವಳಿಗೆ ಹೇಳುವ ಸಾರಿಯನ್ನು ಅವರು ಸಿಲೆಬಸ್ಸಿನಲ್ಲಿ ಇಟ್ಟಿರಲಿಲ್ಲ.

ಕಾರನ್ನೂ ವರ್ಕ್‌ಶಾಪಿಗೆ ತೋರಿಸಲಿಲ್ಲ. ದೀಪ ಕೆಂಪಾಗಿದ್ದರೆ ಓಡುತ್ತಿದ್ದೆನೇನೋ, ಅದು ಹಳದಿ. ಕೆಂಪು ದೀಪ ‘ನಿಲ್ಲು’ ಎನ್ನುತ್ತದೆ. ಹಳದಿ ‘ನಿನಗೆ ಬಿಡುವಾದಾಗ ಮಾತಾಡೋಣ’ ಎನ್ನುತ್ತದೆ. ಬಿಡುವಾದಾಗ ಎಂದರೆ ಯಾವಾಗ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಕಾರು ಓಡುತ್ತಿತ್ತು, ದಿನಗಳೂ ಓಡುತ್ತಿದ್ದವು. ಕ್ರಮೇಣ ಆ ಎರಡು ಹಳದಿ ದೀಪಗಳು, ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನಂತೆ, ಕಣ್ಣಿಗೆ ಬಿದ್ದರೂ ಕಾಣದಂತಾದವು.

ಜೂನ್ ತಿಂಗಳ ಮೊದಲ ಮಳೆ. ವರ್ಷವಿಡೀ ರಸ್ತೆ ಕುಡಿದ ಎಣ್ಣೆಯನ್ನೆಲ್ಲ ಮೊದಲ ಮಳೆ ಮೇಲಕ್ಕೆ ತೇಲಿಸುತ್ತದೆ. ಈ ಊರಿನಲ್ಲಿ ಗಾಡಿ ನಡೆಸುವ ಯಾರಿಗಾದರೂ ಇದು ಗೊತ್ತಿರಬೇಕು, ಜಾಗ್ರಫಿ ಟೀಚರಿಗಂತೂ ಗೊತ್ತಿರಲೇಬೇಕು. ಮನೆ ಹತ್ತಿರದ ಯೂನಿವರ್ಸಿಟಿ ಕ್ಯಾಂಪಸ್ಸಿನ ಏರಿನಲ್ಲಿ ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಬಾರಿಸಿದರು. ನಾನು ಗಡಬಡಿಸಿ ಒತ್ತಿದೆ. ಅಷ್ಟೇ. ಮೊದಲು ಗೊಣಗು, ಆಮೇಲೆ ನರಳು, ಆಮೇಲೆ ಚೀರು. ಅರ್ಧ ಶತಮಾನದಿಂದ ನನ್ನ ಕಿವಿಯೊಳಗಿದ್ದ ಸದ್ದು ಹೊರಗೆ ಬಂದು ರಸ್ತೆಯ ಮೇಲೆ ನಿಂತಿತ್ತು. ಕಾಲು ತೆಗೆಯಬೇಕೆಂದು ಹೊಳೆಯುವ ಮೊದಲೇ ಕಾರಿನ ಮೂತಿ ಪಕ್ಕಕ್ಕೆ ಸರಿದು ಡಿವೈಡರಿಗೆ ಮುತ್ತಿಕ್ಕಿತು. ಯಾರಿಗೂ ಏನೂ ಆಗಲಿಲ್ಲ, ಬಂಪರಿಗೆ ಒಂದು ಗೀರು ಬಿತ್ತು, ಅಷ್ಟೇ. ನಾನು ಡಿವೈಡರಿಗೇ ‘ಸಾರಿ’ ಎಂದೆ. ಪಕ್ಕದ ಆಟೋದವನು ತಲೆ ಹೊರಹಾಕಿ, “ಅಮ್ಮಾ, ಜರ್ರ ಆಹಿಸ್ತಾ!” ಎಂದು ಕೂಗಿದ. ಆಹಿಸ್ತಾ, ಸಾವಕಾಶ. ನನ್ನ ಕಣ್ಣಿಗೆ ಆ ಆಟೋದವನು ಕಾಣಲಿಲ್ಲ. ಕೆಸರು ಮೆತ್ತಿದ ಒಂದು ಅಂಗೈ ಕಂಡಿತು.

ಆ ಮಧ್ಯಾಹ್ನವೇ ಕಾರನ್ನು ಯೂಸುಫ್ ಭಾಯಿಯ ವರ್ಕ್‌ಶಾಪಿಗೆ ಒಯ್ದೆ. ನನ್ನ ಗಂಡನ ಕಾಲದಿಂದ ನಮ್ಮ ಗಾಡಿಗಳ ನಾಡಿ ಹಿಡಿದ ಮನುಷ್ಯ. ಮೂಲ ಬೀದರ್ ಕಡೆಯವನಾದ್ದರಿಂದ ನಮ್ಮೊಡನೆ ಕನ್ನಡವನ್ನೇ ಆಡುತ್ತಾನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎರಡು ಕಂಬಗಳ ನಡುವೆ ಮೇಲಕ್ಕೇರಿದ ನನ್ನ ಕಾರಿನ ಹೊಟ್ಟೆಯನ್ನು ನೋಡುತ್ತ, “ಭಾಯ್, ಬಲಗಡಿ ಮುಂದಿನ ಗಾಲಿ ನೋಡ್ರಿ. ಹೂವಿನ ದಾರ ಸಿಕ್ಕೊಂಡೈತಿ,” ಎಂದು ಮೊದಲೇ ತೀರ್ಪು ಕೊಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಕರೆದ. “ಇಲ್ಲಿ ಬರ್ರಿ ಅಮ್ಮಾ. ಕಳ್ಳ ಸಿಕ್ಕಾನ. ಬಲಗಡಿ ಅಲ್ಲ, ಎಡಗಡಿ.”

ಅವನ ಬೆರಳುಗಳ ನಡುವೆ ಗಿಣಿಹಸಿರು ಬಣ್ಣದ, ಹೊಳೆಯುವ, ಕೂದಲಿಗಿಂತ ಸ್ವಲ್ಪ ದಪ್ಪನೆಯ ಎಳೆಯ ಒಂದು ಉಂಡೆ.

“ಇದು ಚೆಂಡುಹೂವಿನ ದಾರ ಅಲ್ಲೇನು?”

“ಹೂವಿನ ದಾರಾ? ಅದು ಎರಡು ಮಳೀಗೆ ಕೊಳತು ಹೋಗ್ತದ. ಇದು ಮಾಂಜಾ, ಅಮ್ಮಾ. ಪತಂಗದ್ದು. ಸಂಕ್ರಾಂತಿ ಮುಗದ ಮ್ಯಾಲ ಈ ಊರಿನ ರಸ್ತಾ ತುಂಬ ಇದೇ ಬಿದ್ದಿರ್ತದ. ಗಾಲಿಗೆ ಸುತ್ತಿ ಸುತ್ತಿ ಸೆನ್ಸರಿನ ವೈರ್ ಕೊಯ್ದು ಇಟ್ಟದ ನೋಡ್ರಿ, ಬ್ಲೇಡಿನಂಗ.”

ನಾನು ಕುರ್ಚಿಗೆ ವಾಪಸು ಬಂದು ಕೂತೆ. ಅಂದರೆ ನೀಲಕ್ಕನ ಹೂವು ಎಂದೋ ಮಣ್ಣಾಗಿತ್ತು. ಯಾರದೋ ಮಾಳಿಗೆಯ ಮೇಲೆ ಯಾರೋ ಯಾರದೋ ಗಾಳಿಪಟ ಕತ್ತರಿಸಿದ್ದರು. ಆ ಎಳೆ ಬಂದು ನಮ್ಮ ಮನೆಯನ್ನು ಕತ್ತರಿಸಿತ್ತು. ಇಲ್ಲ, ಇದೂ ನೆಪ. ಎಳೆ ವೈರನ್ನಷ್ಟೇ ಕೊಯ್ದಿತ್ತು. ಉಳಿದದ್ದನ್ನು ಕೊಯ್ದದ್ದು ನನ್ನ ನಾಲಗೆ.

ಯೂಸುಫ್ ಭಾಯಿ, ನನ್ನ ಮೌನವನ್ನು ಸಂಶಯವೆಂದು ತಿಳಿದು, ಇಡೀ ವಿದ್ಯೆಯನ್ನು ವಿವರಿಸತೊಡಗಿದ. ಒಂದೊಂದು ಗಾಲಿಯ ನಡುವಿನ ಗುಂಬದ ಹತ್ತಿರ ಹಲ್ಲುಹಲ್ಲಿನ ಒಂದು ಬಳೆ ಇರುತ್ತದಂತೆ. ಗಾಲಿಯೊಂದಿಗೆ ಬಳೆಯೂ ತಿರುಗುತ್ತದೆ. ಪಕ್ಕದಲ್ಲಿ ಕೂತ ಸೆನ್ಸರ್ ಎದುರಿಗೆ ಹಾದುಹೋಗುವ ಹಲ್ಲುಗಳನ್ನು ಎಣಿಸುತ್ತ, ನಾನು ಇಷ್ಟು ಜೋರಾಗಿ ತಿರುಗುತ್ತಿದ್ದೇನೆ ಎಂದು ಕಂಪ್ಯೂಟರಿಗೆ ಬಿಡದೆ ವರದಿ ಒಪ್ಪಿಸುತ್ತದೆ. ನಾಲ್ಕು ಗಾಲಿ, ನಾಲ್ಕು ವರದಿ. ನಾಲ್ಕೂ ಹೊಂದಿದರೆ ಕ್ಷೇಮ. ಮುಂದಿನ ಒಂದು ಗಾಲಿ ಉಳಿದವಕ್ಕಿಂತ ಜೋರಾಗಿ ತಿರುಗತೊಡಗಿತೋ, ಅದರ ಕೆಳಗಿನ ನೆಲ ಜಾರಿದೆ, ಅದು ಸುಮ್ಮನೆ ಗಾಳಿಯಲ್ಲಿ ತಿರುಗುತ್ತಿದೆ ಎಂದರ್ಥ. ಕೂಡಲೇ ಕಂಪ್ಯೂಟರು ಎರಡು ಕೆಲಸ ಮಾಡುತ್ತದೆ. ಆ ಒಂದೇ ಗಾಲಿಯ ಬ್ರೇಕನ್ನು ತಟ್ಟಿ ತಟ್ಟಿ ಹಿಡಿಯುತ್ತದೆ, ಅದರಿಂದ ಶಕ್ತಿಯೆಲ್ಲ ನೆಲ ಸಿಕ್ಕ ಇನ್ನೊಂದು ಗಾಲಿಗೆ ಹರಿಯುತ್ತದೆ. ಜೊತೆಗೆ, ನೀವು ಎಷ್ಟೇ ಒತ್ತಿರಿ, ಇಂಜಿನ್ನಿನ ಜೋರನ್ನು ತಾನೇ ಇಳಿಸುತ್ತದೆ. ನಿಮ್ಮ ಕಾಲನ್ನು ನಿಮ್ಮ ಪರವಾಗಿ ತೆಗೆಯುತ್ತದೆ, ಅನ್ನಿ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ.

“ಆದ್ರ ಭಾಯ್,” ಎಂದೆ, ಟೀಚರಿನ ಚಾಳಿ ಬಿಡದೆ, “ಗಾಡಿ ಎಷ್ಟು ಜೋರಿನ್ಯಾಗ ಹೊಂಟೈತಿ ಅಂತ ಅದಕ್ಕ ಹೆಂಗ ಗೊತ್ತು? ಮುಂದಿನ ಎರಡೂ ಗಾಲಿ ಕೂಡೇ ಜಾರಿದರ?”

ಅವನಿಗೆ ಖುಷಿಯಾಯಿತು. “ಶಭಾಷ್! ಅದಕ್ಕೇ ಹಿಂದಿನ ಗಾಲೀನ ಕೇಳ್ತದ. ಮುಂದಿನ ಗಾಲಿ ಸುಳ್ಳು ಹೇಳಬಹುದು ಅಮ್ಮಾ, ಅದಕ್ಕ ಇಂಜಿನ್ನಿನ ತಾಕತ್ತದ. ಹಿಂದಿನ ಗಾಲಿಗೆ ಯಾರ ತಾಕತ್ತೂ ಇಲ್ಲ. ನೆಲಾ ಎಷ್ಟು ಉರುಳಿಸ್ತದೋ ಅಷ್ಟೇ ಉರುಳ್ತದ. ಅದು ಸುಳ್ಳು ಹೇಳಂಗಿಲ್ಲ.”

ಆ ಹಳೆಯ ಭಾರಿ ಕಾರನ್ನು ಹಿಂದಿನ ಗಾಲಿಗಳು ನೂಕುತ್ತಿದ್ದವು. ಈಗಿನ ಈ ಸಣ್ಣ ಕಾರನ್ನು ಮುಂದಿನವು ಎಳೆಯುತ್ತವೆ. ನಮ್ಮ ಮನೆಯಲ್ಲಿ ಎಳೆಯುವವಳು ನಾನೇ ಎಂದು ನಾನು ಭಾವಿಸಿಕೊಂಡಿದ್ದೆ. ಸಂಬಳ ತಂದವಳು, ಸ್ಟೇರಿಂಗ್ ಹಿಡಿದವಳು, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವಳು. ಸದ್ದೂ ನನ್ನದೇ ಹೆಚ್ಚು. ಸದ್ದು ಮಾಡಿದ್ದನ್ನೆಲ್ಲ ಚಲನೆ ಎಂದುಕೊಂಡೆ. ಹಿಂದೆ ಒಬ್ಬಳು, ಯಾವ ಇಂಜಿನ್ನಿನ ಬಲವೂ ಇಲ್ಲದೆ, ನೆಲ ಹೇಗೋ ಹಾಗೆ ಉರುಳುತ್ತ ಬಂದಳಲ್ಲ, ಈ ಮನೆ ನಿಜವಾಗಿ ಎಷ್ಟು ದೂರ ಬಂದಿದೆ ಎಂಬುದು ಅವಳಿಗಷ್ಟೇ ಗೊತ್ತಿತ್ತು. ನನ್ನ ಗಂಡ ತೀರಿಕೊಂಡ ವಾರ ನಾನು ಬ್ಯಾಂಕಿಗೂ ಆಫೀಸಿಗೂ ಗಿರ್ರನೆ ತಿರುಗುತ್ತಿದ್ದಾಗ, “ಆ ಕಾಗದ ಎಲ್ಲೂ ಓಡಿ ಹೋಗಂಗಿಲ್ಲ, ಮೊದಲ ಒಂದ ತಾಸು ಅಳು,” ಎಂದು ಬಾಗಿಲಿಗೆ ಚಿಲಕ ಹಾಕಿಸಿದವಳು ಅವಳು. ಬ್ರೇಕನ್ನು ಯಾವ ಗಾಲಿಗೆ, ಎಷ್ಟು ಹಿಡಿಯಬೇಕೆಂಬುದು ಗೊತ್ತಿದ್ದ ಕೈ.

ಸ್ಟೇರಿಂಗಿನ ಕೆಳಗೆ ಆ ವ್ಯವಸ್ಥೆಯನ್ನು ಆರಿಸುವ ಬಟನ್ನೂ ಇದೆ ಎಂದು ಯೂಸುಫ್ ಭಾಯಿ ತೋರಿಸಿದ. ಇಷ್ಟು ಒಳ್ಳೆಯದನ್ನು ಆರಿಸುವುದೇಕೆ ಎಂದು ಕೇಳಿದೆ.

“ಕೆಸರಿನ್ಯಾಗ, ಉಸುಕಿನ್ಯಾಗ ಸಿಕ್ಕಾಗ ಸ್ವಲ್ಪ ಗಾಲಿ ತಿರುಗಿದ್ರೇನೇ ಹೊರಗ ಬರ್ತದ ಅಮ್ಮಾ. ಆಗ ಬಂದ್ ಮಾಡಬೇಕು. ಆದ್ರ ಹೊರಗ ಬಂದ ಮ್ಯಾಲ ಚಾಲೂ ಮಾಡೋದು ಮರೀಬಾರದು. ಮತ್ತ ಇನ್ನೊಂದು ನೆನಪಿಡ್ರಿ. ದೀಪ ಮಿಣುಕಿದ್ರ ಹೆದರಬ್ಯಾಡ್ರಿ, ಅದು ಕೆಲಸ ಮಾಡ್ಲಿಕತ್ತದ ಅಂತ. ಬಿಡದೆ ಉರದ್ರ ಹೆದರ್ರಿ. ಅದು ಕೈಬಿಟ್ಟದ ಅಂತ.”

ಈ ಮಾತನ್ನು ಹೊತ್ತುಕೊಂಡು ನಾನು ಮನೆಗೆ ಬಂದೆ. ಇನ್ನೂ ಹೊತ್ತುಕೊಂಡೇ ಇದ್ದೇನೆ. ದಿನಕ್ಕೆರಡು ಸಲ ನಮ್ಮ ನಡುವೆ ಮಿಣುಕುತ್ತಿದ್ದ ಆ ಜಗಳಗಳಿದ್ದವಲ್ಲ, ಟೀ ಸಪ್ಪೆ, ಟೀವಿ ಜೋರು, ಅವೆಲ್ಲ ಏನೋ ಒಂದು ಒಳಗೆ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಆಮೇಲಿನ ಐದು ತಿಂಗಳ ಆ ಸಭ್ಯವಾದ ಫೋನು, ಬಿಪಿ, ಮಳೆ, ಉಪ್ಪಿನಕಾಯಿ, ಅದು ಬಿಡದೆ ಉರಿದ ದೀಪ. ನಾನು ಅದನ್ನು ಶಾಂತಿ ಎಂದುಕೊಂಡಿದ್ದೆ.

ಮರುದಿನವೇ ಮಿಯಾಪುರಕ್ಕೆ ಹೊರಟೆ. ಅದನ್ನು ಕಡೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಈ ವರ್ಷದ ದಸರೆಯ ಮಾತು ಹೇಳಿ ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಹೆಚ್ಚೇನೂ ಇಲ್ಲ. ಆಯುಧಪೂಜೆಯ ದಿನ ಬೆಳಗ್ಗೆ ಮಾರುಕಟ್ಟೆಯಿಂದ ಚೆಂಡುಹೂವು ತಂದೆ. ಹೂವು ಪೋಣಿಸಲು ನನಗೆ ಬರುವುದಿಲ್ಲ, ಕಟ್ಟಿದ ಮಾಲೆಯನ್ನೇ ಕೊಂಡೆ. ಮಗ್ಗುಲ ಮನೆಯ ಸ್ಟೂಲು ತಂದು, ಅದರ ಮೇಲೆ ಕೂತು, ಒಂದೊಂದು ಗಾಲಿಗೂ ಕಟ್ಟಿದೆ. ಮುಂದಿನವು ಸಡಿಲಾದವು. ಹಿಂದಿನ ಎರಡಕ್ಕೆ ಹೆಚ್ಚು ಹೂವು ಬಂತು. ಹಾಗೆಂದು ಉದ್ದೇಶವಿರಲಿಲ್ಲ, ಉಳಿದದ್ದನ್ನೆಲ್ಲ ಅಲ್ಲಿಗೇ ಹಾಕಿಬಿಟ್ಟೆ. ನಿಂಬೆಹಣ್ಣಿನ ಮೇಲೆ ಕಾರು ಹಾಯಿಸಿದಾಗ ಪಚಕ್ಕೆಂದಿತು. ‘ಮದಿಮಗಳಲ್ಲ’ ಎನ್ನಲು ನಾನಿದ್ದೆ, ಉತ್ತರ ಕೊಡಲು ಅವಳಿರಲಿಲ್ಲ. ಶ್ರಾವಣದಲ್ಲಿ, ಪಂಚಮಿಗೆ ಇನ್ನೂ ಎರಡು ದಿನ ಇರುವಾಗ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಸವಿತಾ ಚಹಾಕ್ಕೆ ಎಬ್ಬಿಸಿದಾಗ ಏಳಲಿಲ್ಲ. ಹೂವಿನ ಕೆಳಗೆ ಮಲಗಿದ್ದವಳನ್ನು ನಾನು ನೋಡಿದೆ, ನಿಜ. ಆದರೆ ಅದನ್ನು ಅವಳನ್ನು ನೋಡಿದ್ದು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಮಿಯಾಪುರದಲ್ಲಿ, ಅಪಾರ್ಟ್‌ಮೆಂಟಿನ ನೆಲದಡಿಯ ಪಾರ್ಕಿಂಗಿನಲ್ಲಿ, ಆ ಜೂನಿನ ಸಂಜೆ.

ಮೇಲೆ ಮನೆಯಲ್ಲಿ ಸವಿತಾ ಮಾಡಿದ ಉಪ್ಪಿಟ್ಟು ತಿನ್ನುವವರೆಗೂ ನಾವು ಬಿಪಿಯ ಮಾತನ್ನೇ ಆಡಿದೆವು. ಹೊರಡುವಾಗ ನೀಲಕ್ಕ ಗೋಡೆ ಹಿಡಿದುಕೊಂಡು ಎದ್ದು, “ಗಾಡಿ ನೋಡಬೇಕು,” ಎಂದಳು. ಸವಿತಾ ಬೇಡವೆಂದರೂ ಕೇಳದೆ, ಮನೆಯ ಚಪ್ಪಲಿಯಲ್ಲೇ ಲಿಫ್ಟಿನಲ್ಲಿ ನನ್ನ ಜೊತೆ ಕೆಳಗಿಳಿದಳು. ಕಾರಿನ ಬಾನೆಟ್ಟಿನ ಮೇಲೆ, ಎತ್ತಿನ ಹಣೆ ಮುಟ್ಟುವಂತೆ, ಕೈಯಿಟ್ಟಳು. ಬಂಪರಿನ ಗೀರನ್ನು ಬೆರಳಿನಿಂದ ಓದಿದಳು. ಆಮೇಲೆ ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತಳು.

“ಎಲ್ಲೈತಿ ನಿನ್ನ ಹಳದಿ ದೀಪಾ?”

ಕೀಲಿ ತಿರುಗಿಸಿದೆ. 

ಕೀಲಿ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಒಮ್ಮೆ ಹತ್ತುತ್ತವೆ, ನಿಮಗೆ ಗೊತ್ತಿರಬೇಕು. ಎಲ್ಲವೂ ಬದುಕಿವೆಯೇ ಎಂದು ಕಾರು ತನ್ನನ್ನು ತಾನೇ ಕೇಳಿಕೊಳ್ಳುವ ಕ್ಷಣ ಅದು. ಕೆಂಪು, ಹಳದಿ, ಹಸಿರು, ಒಂದು ಸಣ್ಣ ದೀಪಾವಳಿ. ಆಮೇಲೆ ಒಂದೊಂದಾಗಿ ಆರಿದವು. ಹಾವಿನ ಗೆರೆಯ ಪುಟ್ಟ ಕಾರೂ ಆರಿತು.

“ಆರಿತಲ್ಲ,” ಎಂದಳು.

ಪರ್ಸಿನಿಂದ ಒಂದು ಹಳೆಯ ಲಕೋಟೆ ತೆಗೆದು ಆ ಹಸಿರು ಎಳೆಯನ್ನು ತೋರಿಸಿದೆ. ಮಾಂಜಾ ಎಂದೆ. ಪತಂಗದ್ದು ಎಂದೆ. ಹೂವಿನದಲ್ಲ ಎಂದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿ ತುಂಬ ನಕ್ಕಳು.

“ಹಂಗಾದ್ರ ನನ್ನ ಚೆಂಡುಹೂವು ಐದ ತಿಂಗಳು ಸುಮ್ಮಸುಮ್ಮನ ಜೇಲಿನ್ಯಾಗಿತ್ತು ಅನ್ನು!”

“ಅಕ್ಕಾ, ಅವತ್ತ ಅಷ್ಟ ಮಂದಿ ಮುಂದ ನಾ... ಓದಿದವರು, ಓದಲಾರದವರು ಅಂತ... ನನ್ನ ಬಾಯಿ... ತಪ್ಪಾತ್ರಿ ಅಕ್ಕಾ, ನಾ ಹಂಗ ಅನಬಾರದಿತ್ತು, ನನಗ ಅವತ್ತಿನಿಂದ...”

“ಸಾಕು ಶೈಲಾ. ಅಷ್ಟ ಒತ್ತಬ್ಯಾಡ. ಕಾಲು ತಗಿ.”

ಪಾರ್ಕಿಂಗಿನ ಎಲ್ಲೋ ಒಂದು ಮೂಲೆಯಲ್ಲಿ ಮಳೆನೀರು ತೊಟ್ಟಿಕ್ಕುತ್ತಿತ್ತು. ಅವಳು ಎಳೆಯನ್ನು ಲಕೋಟೆಗೆ ಹಾಕಿ ನನ್ನ ಪರ್ಸಿನಲ್ಲಿ ತಾನೇ ಇಟ್ಟಳು.

“ಮನಿಗಿ ಬರ್ರಿ ಅಕ್ಕಾ. ಈಗ ಕುಂತೀರಲ್ಲ, ಹಂಗ ಹೋಗೂಣು.”

“ಈಗ ಬ್ಯಾಡ. ಸವಿತಾಗ ಹೇಳದ ಬಂದ್ರ ಅದೊಂದು ರಾಮಾಯಣ. ದಸರಾಕ್ಕ ಬರ್ತೀನಿ. ಗಾಲಿಗೆ ಮಾಲಿ ಕಟ್ಟೋರು ಯಾರು, ನೀ ಕಟ್ಟತೀ?” ಎಂದು ಇಳಿದಳು. ಬಾಗಿಲು ಹಾಕಿ, ಗಾಜಿನ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿದಳು, ಹೋಗು ಎಂದು.

ಪಾರ್ಕಿಂಗಿನಿಂದ ಮೇಲೆ ಬರುವ ಇಳಿಜಾರು ಕಡಿದಾಗಿತ್ತು, ಮಳೆಗೆ ನೆನೆದು ನುಣ್ಣಗಾಗಿತ್ತು. ಅರ್ಧ ಏರುವಷ್ಟರಲ್ಲಿ ಮುಂದಿನ ಗಾಲಿ ಜಾರಿತು. ಗೊಣಗು ಸುರುವಾಯಿತು. ಅದು ನರಳಾಗುವ ಮೊದಲೇ ಎದುರಿಗೆ ಹಳದಿ ದೀಪ ಮಿಣುಕತೊಡಗಿತು, ಒಂದು, ಎರಡು, ಮೂರು. ಕಾಲಡಿಯಲ್ಲಿ ಏನೋ ಗರಗರ ತಟ್ಟಿ ತಟ್ಟಿ ಹಿಡಿಯಿತು. ನಾನು ಕಣ್ಣೆತ್ತಿ ಕನ್ನಡಿ ನೋಡಿದೆ. ಇಳಿಜಾರಿನ ಬುಡದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನೀಲಕ್ಕ ಇನ್ನೂ ನಿಂತಿದ್ದಳು. ಸದ್ದು ಅವಳಿಗೂ ಕೇಳಿಸಿತ್ತು. ಎಡಗೈಯಿಂದ ಕಂಬ ಹಿಡಿದುಕೊಂಡು, ಬಲ ಅಂಗೈಯನ್ನು ನೆಲದ ಕಡೆ ಮಾಡಿ, ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ತಟ್ಟುತ್ತಿದ್ದಳು.

ಕಾಲು ತೆಗೆದೆ. ಗಾಲಿಗೆ ನೆಲ ಸಿಕ್ಕಿತು. ಕಾರು ಮೇಲೇರಿ ತಿರುವಿಗೆ ಬಂತು, ಕನ್ನಡಿಯ ತುಂಬ ಗೋಡೆ ಬಂತು.